ಬ್ಲಾಸಮ್ ಡಿಯರಿ ಯಾರು? ಇಷ್ಟು ಸಣ್ಣ ದನಿ ಇಟ್ಟುಕೊಂಡು ಅಷ್ಟು ವರ್ಷ ಹೇಗೆ ಹಾಡಿದರು?

ಸಣ್ಣದನಿ_ದಾವಣಗೆರೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಏಳು ವರ್ಷದಿಂದ ಸುಗಮ ಸಂಗೀತ ಕಲೀತಿದೀನಿ. ನನ್ನ ದನಿ ಸಣ್ಣದು. ಶ್ರುತಿ ತಪ್ಪಲ್ಲ, ತಾಳ ತಪ್ಪಲ್ಲ, ಆದರೂ ಎಲ್ಲಿ ಹಾಡಿದ್ರೂ ಒಂದೇ ಮಾತು: "ಬಾಯಿಬಿಟ್ಟು ಹಾಡಮ್ಮ, ಹಿಂದಿನ ಸಾಲಿಗೆ ಕೇಳಿಸ್ತಿಲ್ಲ." ಹೋದ ತಿಂಗಳು ಒಂದು ಸ್ಪರ್ಧೆಯಲ್ಲಿ ತೀರ್ಪುಗಾರರು ನನ್ನ ಹೆಸರಿನ ಮುಂದೆ "ದನಿಗೆ ಕಸುವು ಸಾಲದು" ಅಂತ ಬರೆದಿದ್ದರು. ಆ ಹಾಳೆ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ, ಬಿಸಾಡೋಕೆ ಮನಸ್ಸಾಗಿಲ್ಲ.

ಅದನ್ನ ಕೇಳಿ ಬೇಜಾರಾದ ಗೆಳತಿ ಒಂದು ಇಂಗ್ಲಿಷ್ ಹಾಡು ಕಳಿಸಿದಳು. "ದ ಸರ್ರಿ ವಿತ್ ದ ಫ್ರಿಂಜ್ ಆನ್ ಟಾಪ್", ಹಾಡಿದವರು ಬ್ಲಾಸಮ್ ಡಿಯರಿ. ರಾತ್ರಿ ಹನ್ನೊಂದಕ್ಕೆ ಮಲಗೋ ಮುಂಚೆ ಹಚ್ಚಿದವಳು ಒಂದು ಗಂಟೆವರೆಗೂ ಅದನ್ನೇ ಕೇಳಿದೆ. ದನಿ ನನ್ನದಕ್ಕಿಂತ ಸಣ್ಣದು! ಆದರೆ ಒಂದೊಂದು ಪದವೂ ಕಿವಿ ಪಕ್ಕದಲ್ಲೇ ಕೂತು ಹೇಳಿದ ಹಾಗಿದೆ.

ಕನ್ನಡದಲ್ಲಿ ಇವರ ಬಗ್ಗೆ ಹುಡುಕಿದೆ, ಏನೂ ಸಿಗಲಿಲ್ಲ. ಇವರು ಯಾರು? ಜಾಝ್‌ನವರೋ ಪಾಪ್‌ನವರೋ? ಇದೆಲ್ಲ ಸ್ಟುಡಿಯೋದಲ್ಲಿ ದನಿ ಏರಿಸಿ ಮಾಡಿದ್ದೋ, ಸ್ಟೇಜ್ ಮೇಲೂ ಹೀಗೇ ಹಾಡ್ತಿದ್ದರೋ? ಗೊತ್ತಿರೋರು ದಯವಿಟ್ಟು ಹೇಳಿ.

ಹಳೇಮೈಕ್_ಮೈಸೂರು:

ತಂಗಿ, ನಾನು ಹಾಡುಗಾರನಲ್ಲ, ಮೈಸೂರಿನಲ್ಲಿ ಮೂವತ್ತೆಂಟು ವರ್ಷ ಮೈಕ್ ಕಟ್ಟಿದವನು. ಮದುವೆ ಆರ್ಕೆಸ್ಟ್ರಾ, ಗಣಪತಿ ಪೆಂಡಾಲು, ಭಾವಗೀತೆ ಕಾರ್ಯಕ್ರಮ ಎಲ್ಲ ಆಗಿದೆ. ಹಾಡುವವರನ್ನ ನಾನು ನೋಡಿದ್ದೆಲ್ಲ ಮಿಕ್ಸರ್ ಹಿಂದೆ ಕೂತೇ. ಹಾಗಾಗಿ ನಿನ್ನ ಕೊನೇ ಪ್ರಶ್ನೆಗೆ ಉತ್ತರ ಹೇಳೋ ಹಕ್ಕು ನನಗೆ ಸ್ವಲ್ಪ ಇದೆ ಅಂದುಕೊಂಡಿದೀನಿ.

ಬ್ಲಾಸಮ್ ಡಿಯರಿ ನನಗೆ ಸಿಕ್ಕಿದ್ದು 1991ರಲ್ಲಿ. ಅಮೆರಿಕದಿಂದ ಬಂದಿದ್ದ ಭಾವ ಒಂದು ಕ್ಯಾಸೆಟ್ ಬಿಟ್ಟು ಹೋಗಿದ್ದರು, ಮೇಲಿನ ಚೀಟಿ ಕಿತ್ತುಹೋಗಿತ್ತು. ಹೊಸದಾಗಿ ತಂದ ಸ್ಪೀಕರ್ ಟೆಸ್ಟ್ ಮಾಡೋಣ ಅಂತ ಗೋಡೌನಿನಲ್ಲಿ ಅದನ್ನೇ ಹಾಕಿದೆ. ಯಾರೋ ಶಾಲೆ ಹುಡುಗಿ ಹಾಡ್ತಿದಾಳೆ ಅನ್ನಿಸ್ತು. ವಾಲ್ಯೂಮ್ ಏರಿಸೋಕೆ ಅಂತ ಕೈ ಎತ್ತಿದವನು ಏರಿಸಲಿಲ್ಲ. ಬದಲಿಗೆ ನಮ್ಮ ಹುಡುಗನಿಗೆ "ಲೋ, ಆ ಫ್ಯಾನ್ ಆರಿಸೋ" ಅಂದೆ. ವೈರ್ ಸುತ್ತುತ್ತಿದ್ದವನು ಸುತ್ತೋದು ನಿಲ್ಲಿಸಿದ. ಇಬ್ಬರೂ ಒಂದು ಸೈಡ್ ಮುಗಿಯೋವರೆಗೂ ಹಾಗೇ ನಿಂತಿದ್ವಿ. ದನಿ ನಮ್ಮ ಹತ್ತಿರ ಬರಲಿಲ್ಲಮ್ಮ, ನಾವೇ ಅದರ ಹತ್ತಿರ ಹೋದ್ವಿ. ಆಕೆಯ ಬದುಕೆಲ್ಲ ಇದೇ ಕೆಲಸ ಅಂತ ಆಮೇಲೆ ಓದಿ ತಿಳ್ಕೊಂಡೆ: ದನಿ ಏರಿಸದೆ ಸುತ್ತಲ ಗದ್ದಲ ಇಳಿಸೋದು.

ಹುಟ್ಟಿದ್ದು 1924ರ ಏಪ್ರಿಲ್ 28, ನ್ಯೂಯಾರ್ಕ್ ರಾಜ್ಯದ ಈಸ್ಟ್ ಡರಮ್ ಅನ್ನೋ ಬೆಟ್ಟದ ಕಡೆಯ ಊರು. ಬ್ಲಾಸಮ್ ಅಂದರೆ ಮರ ಹೂ ಬಿಡೋದು. ಹುಟ್ಟಿದಾಗ ಮನೆಗೆ ಹೂವಿನ ರೆಂಬೆ ತಂದಿದ್ದರಂತೆ, ಅದಕ್ಕೇ ಆ ಹೆಸರು. ಡಿಯರಿ ತಂದೆ ಮನೆತನದ ಹೆಸರು. ಸ್ಟೇಜಿಗೆ ಅಂತ ಕಟ್ಟಿಕೊಂಡ ಹೆಸರು ಅಂತಲೇ ನಾನು ತುಂಬಾ ದಿನ ನಂಬಿದ್ದೆ, ಅಲ್ಲ. ಚಿಕ್ಕ ವಯಸ್ಸಿನಲ್ಲೇ ಪಿಯಾನೊ ಕಲಿಸಿದರು, ಮೊದಲು ಪಾಶ್ಚಾತ್ಯ ಶಾಸ್ತ್ರೀಯ. ಹೈಸ್ಕೂಲಿಗೆ ಬರೋ ಹೊತ್ತಿಗೆ ಜಾಝ್ ಕಡೆ ತಿರುಗಿದರು. 1940ರ ದಶಕದಲ್ಲಿ ನ್ಯೂಯಾರ್ಕ್ ಸೇರಿ ವುಡಿ ಹರ್ಮನ್, ಆಲ್ವಿನೋ ರೇ ಅವರ ವಾದ್ಯಮೇಳಗಳ ಜೊತೆಗಿದ್ದ ಗುಂಪುಗಳಲ್ಲಿ ಹಾಡಿದರು. ಗುಂಪಿನಲ್ಲಿ ಹಾಡೋರ ಹೆಸರು ಯಾರಿಗೆ ಗೊತ್ತಾಗುತ್ತೆ? 1952ರಲ್ಲಿ ಕಿಂಗ್ ಪ್ಲೆಷರ್ ಅನ್ನೋರು "ಮೂಡೀಸ್ ಮೂಡ್ ಫಾರ್ ಲವ್" ಹಾಡಿ ಹೆಸರು ಮಾಡಿದರು. ಅದರ ನಡುವೆ ಒಂದು ಹೆಣ್ಣು ದನಿ ಬಂದು ಹೋಗುತ್ತೆ ನೋಡು, ಅದು ಇವರದೇ.

ಅದೇ 1952ರಲ್ಲಿ ಪ್ಯಾರಿಸ್‌ಗೆ ಹೋದರು. ಅಲ್ಲಿ ಬ್ಲೂ ಸ್ಟಾರ್ಸ್ ಅಂತ ಒಂದು ಗಾಯನ ಗುಂಪು ಕಟ್ಟಿದರು. ಮಿಶೆಲ್ ಲೆಗ್ರಾಂಡ್ ಅದಕ್ಕೆ ಸಂಗೀತ ಹೊಂದಿಸಿ ಕೊಡ್ತಿದ್ದರು, ಅವರ ಅಕ್ಕ ಕ್ರಿಸ್ಟಿಯಾನ್ ಅದರಲ್ಲಿ ಹಾಡ್ತಿದ್ದರು. "ಲಲಬೈ ಆಫ್ ಬರ್ಡ್‌ಲ್ಯಾಂಡ್" ಅನ್ನೋ ಅಮೆರಿಕದ ಹಾಡನ್ನ ಫ್ರೆಂಚಿನಲ್ಲಿ ಹಾಡಿ ಅದು ಅಮೆರಿಕದಲ್ಲೇ ಓಡಿತು. ಮುಂದೆ ಮದುವೆಯಾದ ಬಾಬಿ ಜಾಸ್ಪರ್ ಅನ್ನೋ ಬೆಲ್ಜಿಯಂನ ಸ್ಯಾಕ್ಸೊಫೋನ್, ಕೊಳಲು ವಾದಕರ ಪರಿಚಯ ಆದದ್ದೂ ಅಲ್ಲೇ. ನನಗೆ ತುಂಬಾ ಹಿಡಿಸಿದ ವಿಷಯ ಇನ್ನೊಂದಿದೆ. ಪ್ಯಾರಿಸ್‌ನಲ್ಲಿ ಆಕೆಯ ಹೆಸರಲ್ಲಿ ಬಂದ ಒಂದು ರೆಕಾರ್ಡಿನಲ್ಲಿ ಹಾಡೇ ಇಲ್ಲ, ಬರೀ ಪಿಯಾನೊ. ಇದನ್ನ ನೆನಪಿಟ್ಟುಕೋ, ಮುಂದೆ ಬೇಕಾಗುತ್ತೆ.

ನಾರ್ಮನ್ ಗ್ರಾಂಜ್ ಅನ್ನೋ ನಿರ್ಮಾಪಕರು ಪ್ಯಾರಿಸ್‌ನಲ್ಲಿ ಕೇಳಿ ತಮ್ಮ ವರ್ವ್ ಕಂಪನಿಗೆ ಕರೆದರು. 1956ರಿಂದ 1960ರ ಒಳಗೆ ಅಲ್ಲಿ ಆರು ಆಲ್ಬಂ. ನಿನ್ನ ಗೆಳತಿ ಕಳಿಸಿದ ಹಾಡು ಅದರಲ್ಲೊಂದರದು, "ಒನ್ಸ್ ಅಪಾನ್ ಎ ಸಮರ್‌ಟೈಮ್". ಇದರಲ್ಲಿ ಯಾರ್ಯಾರು ನುಡಿಸಿದ್ದಾರೆ ನೋಡು: ಡಬಲ್ ಬಾಸ್ ರೇ ಬ್ರೌನ್, ಡ್ರಮ್ಸ್ ಎಡ್ ಥಿಗ್‌ಪೆನ್, ಗಿಟಾರ್ ಮಂಡೆಲ್ ಲೋ. ಘಟಾನುಘಟಿಗಳು. ಪಿಯಾನೊ ಆಕೆಯೇ.

ಈಗ ಆ ಸರ್ರಿ ಹಾಡು. ಸರ್ರಿ ಅಂದರೆ ಒಂದು ಥರದ ಕುದುರೆ ಗಾಡಿ. ಅದು 1943ರ "ಓಕ್ಲಹೋಮಾ!" ಅನ್ನೋ ಸಂಗೀತ ನಾಟಕದ್ದು. ಹುಡುಗನೊಬ್ಬ ಹುಡುಗಿಗೆ ಕುದುರೆ ಗಾಡಿಯ ಸವಾರಿಯ ಆಸೆ ತೋರಿಸ್ತಾನೆ. ಎಲ್ಲರೂ ಕುದುರೆ ಟಕ ಟಕ ಓಡೋ ಲಯದಲ್ಲಿ ಹಾಡ್ತಾರೆ. ಈಕೆ ಮಾತ್ರ ಕುದುರೆಯ ಲಗಾಮು ಎಳೆದು, ಮೆಲ್ಲ ನಡೆಸಿಕೊಂಡು ಹೋಗ್ತಾರೆ. ಎರಡು ಸಾಲಿನ ನಡುವೆ ಪಿಯಾನೊದ ಎರಡೋ ಮೂರೋ ಸ್ವರ, ಅಷ್ಟೇ. ಪದ ಬಂದಾಗ ಬೆರಳು ನಿಲ್ಲುತ್ತೆ. ಪದ ಮುಗಿದ ಮೇಲೆ ಬೆರಳು ಮಾತಾಡುತ್ತೆ. ಕೊನೇ ಚರಣದಲ್ಲಿ ಸವಾರಿ ಮುಗಿದು ಕಣ್ಣು ತೂಗೋ ಹೊತ್ತು, ಅಲ್ಲಿ ದನಿ ಇನ್ನೂ ಇಳಿಯುತ್ತೆ. ಸಣ್ಣ ದನಿಯಲ್ಲೂ ಇನ್ನೂ ಸಣ್ಣದಾಗೋಕೆ ಜಾಗ ಇಟ್ಟುಕೊಂಡಿದ್ದರು ಅಂತ ನನಗೆ ಗೊತ್ತಾಗಿದ್ದು ಹತ್ತನೇ ಸಲವೋ ಏನೋ ಕೇಳಿದಾಗ.

ಹೆಡ್‌ಫೋನ್ ಹಾಕಿಕೊಂಡು ಇದೊಂದನ್ನೇ ಗಮನಿಸು. ಆಕೆ ಹಾಡುವಾಗ ಎಡಗೈ ಎಷ್ಟು ಕಡಿಮೆ ನುಡಿಸುತ್ತೆ ಅಂತ. ನನ್ನ ಮಿಕ್ಸರಿನಲ್ಲಿ ಹಾಡುವವರಿಗೊಂದು ಫೇಡರ್, ಅಂದರೆ ಸದ್ದು ಏರಿಸಿ ಇಳಿಸೋ ಗುಂಡಿ, ವಾದ್ಯಕ್ಕೊಂದು ಫೇಡರ್. ದನಿ ಕೇಳಿಸಬೇಕಾದರೆ ವಾದ್ಯದ್ದು ಇಳಿಸ್ತೀನಿ. ಈಕೆಗೆ ಆ ಕೆಲಸಕ್ಕೆ ನನ್ನಂಥವನು ಬೇಕಾಗಿರಲಿಲ್ಲ. ತಾನೇ ಪಿಯಾನಿಸ್ಟ್ ಆಗಿದ್ದರಿಂದ ತನ್ನ ದನಿಯ ಕೆಳಗೆ ಎಷ್ಟು ಸದ್ದಿರಬೇಕು ಅನ್ನೋದು ಆಕೆಯ ಹತ್ತು ಬೆರಳಲ್ಲೇ ಇತ್ತು.

ಸ್ಟೇಜ್ ಮೇಲೂ ಹೀಗೇನಾ ಅಂತ ಕೇಳಿದೀಯಲ್ಲ. ಹೌದು, ಹೀಗೇ. ನ್ಯೂಯಾರ್ಕರ್ ಪತ್ರಿಕೆಯ ವಿಮರ್ಶಕ ವಿಟ್ನಿ ಬ್ಯಾಲಿಯೆಟ್, ಮೈಕ್ ಇಲ್ಲದೇ ಹೋದರೆ ಆ ದನಿ ಬೊಂಬೆಮನೆಯ ಮಹಡಿಗೂ ಮುಟ್ಟಲ್ಲ ಅಂತ ಬರೆದಿದ್ದರು. ಮೈಸೂರಿನವನಿಗೆ ಬೊಂಬೆ ಮಾತು ಬೇಗ ಅರ್ಥ ಆಗುತ್ತೆ! ಆದರೆ ಅವರು ಹಾಡಿದ್ದು ಬಯಲಿನಲ್ಲಲ್ಲ, ಕ್ಲಬ್ಬುಗಳಲ್ಲಿ. ಚಿಕ್ಕ ಕೋಣೆ, ಹತ್ತಿರದ ಕುರ್ಚಿಗಳು. 1966ರಿಂದ ಲಂಡನ್ನಿನ ರಾನಿ ಸ್ಕಾಟ್ಸ್ ಕ್ಲಬ್ಬಿನಲ್ಲಿ ಹಾಡಿದರು, ಅಲ್ಲಿ ಜನರ ಮುಂದೆಯೇ ಮುದ್ರಿಸಿಕೊಂಡ ಆಲ್ಬಂ ಇದೆ, ಕೇಳು. ಜನ ಉಸಿರು ಬಿಗಿಹಿಡಿದು ಕೂತಿರೋದು ಗೊತ್ತಾಗುತ್ತೆ.

ಆ ನಿಶ್ಶಬ್ದ ಸುಮ್ಮನೆ ಸಿಕ್ಕಿದ್ದಲ್ಲ. ನೈಟ್‌ಕ್ಲಬ್ ಅಂದ ಮೇಲೆ ಗ್ಲಾಸಿನ ಸದ್ದು, ಸಿಗರೇಟು, ಹರಟೆ ಇದ್ದೇ ಇರುತ್ತೆ. ಈಕೆ ತಾನು ಹಾಡುವಾಗ ಸಿಗರೇಟು ಕೂಡದು ಅಂದರು. ಯಾರಾದರೂ ಮಾತಾಡಿದರೆ ಅಲ್ಲೇ ಹೇಳಿ ಬಾಯಿ ಮುಚ್ಚಿಸ್ತಿದ್ದರು. ಅದಕ್ಕೆ ಬಿರುಸಿನ ಹೆಂಗಸು ಅಂತ ಹೆಸರೂ ಬಂತು. ದನಿಯಲ್ಲಿ ಮಗು, ವ್ಯವಹಾರದಲ್ಲಿ ಕಲ್ಲು. ನಾನಂತೂ ಇದನ್ನ ಬಿರುಸು ಅನ್ನಲ್ಲ. ಗಟ್ಟಿ ದನಿಯವರು ಗದ್ದಲವನ್ನ ಮೀರಿ ಹಾಡಬಲ್ಲರು, ಆಕೆಗೆ ಆ ದಾರಿ ಇರಲಿಲ್ಲ.

ಕಂಪನಿಗಳ ಜೊತೆ ನಂಟು ಹೆಚ್ಚು ಬಾಳಲಿಲ್ಲ. ವರ್ವ್ ಆದ ಮೇಲೆ ಒಂದು ರೂಟ್‌ಬಿಯರ್ ತಂಪು ಪಾನೀಯದ ಜಾಹೀರಾತಿಗೆ ಹಾಡಿದರು, ಅದು ಜನಪ್ರಿಯವಾಗಿ ಅದೇ ನೆಪದಲ್ಲಿ 1963ರಲ್ಲಿ ಒಂದು ಆಲ್ಬಂ ಬಂತು. 1964ರಲ್ಲಿ ಕ್ಯಾಪಿಟಲ್‌ನಿಂದ ದೊಡ್ಡ ವಾದ್ಯಮೇಳ ಇಟ್ಟುಕೊಂಡು ಒಂದು. ಆಮೇಲೆ ಲಂಡನ್ನಿನಲ್ಲಿ ಫಾಂಟಾನಾ ಕಂಪನಿಗೆ ನಾಲ್ಕು. ಅಷ್ಟರಲ್ಲಿ ರಾಕ್ ಬಂದು ಎಲ್ಲ ಕಡೆ ಸದ್ದು ಏರಿತ್ತು. 1974ರಲ್ಲಿ, ಐವತ್ತನೇ ವಯಸ್ಸಿನಲ್ಲಿ, ಡ್ಯಾಫಡಿಲ್ ರೆಕಾರ್ಡ್ಸ್ ಅಂತ ಸ್ವಂತ ಲೇಬಲ್ ಮಾಡಿಕೊಂಡರು. ಅದೂ ಹೂವಿನ ಹೆಸರೇ. ಒಬ್ಬ ಹೆಣ್ಣುಮಗಳು ಆ ಕಾಲದಲ್ಲಿ ಹಾಡು ಕಟ್ಟಿ, ಹಾಡಿ, ನುಡಿಸಿ, ತಟ್ಟೆ ಒತ್ತಿಸಿ, ಮಾರಿದ್ದು ಸಣ್ಣ ಮಾತಲ್ಲ. "ಮೂನ್ ರಿವರ್" ಬರೆದ ಜಾನಿ ಮರ್ಸರ್ ಅಂಥ ಹಿರಿಯ ಕವಿ ಈಕೆಯ ಜೊತೆ ಸೇರಿ ಹಾಡು ಬರೆದರು. ಕೊನೆಗೆ ಮ್ಯಾನ್‌ಹ್ಯಾಟನ್ನಿನ 46ನೇ ಬೀದಿಯ ಡ್ಯಾನೀಸ್ ಸ್ಕೈಲೈಟ್ ರೂಮ್ ಅನ್ನೋ ಪುಟ್ಟ ಜಾಗದಲ್ಲಿ 2006ರವರೆಗೂ ಹಾಡಿದರು. ಆಗ ವಯಸ್ಸು ಎಂಬತ್ತು ದಾಟಿತ್ತು. 2009ರ ಫೆಬ್ರವರಿ 7ರಂದು ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನ ತಮ್ಮ ಮನೆಯಲ್ಲಿ ತೀರಿಕೊಂಡರು.

ಜಾಝೋ ಪಾಪೋ? ಅಂಗಡಿಯವರಿಗೆ ಯಾವ ಕಪಾಟಿನಲ್ಲಿ ಇಡೋದು ಅಂತ ಗೊತ್ತಾಗದ ಜಾತಿ ಅದು. ಹೆಚ್ಚು ಜನಕ್ಕೆ ಗೊತ್ತಿಲ್ಲದೆ ಹೋಗೋಕೆ ಅದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ತಂಬೂರಿ_ಧಾರವಾಡ:

ತಂಗಿ, ನಾನು ಧಾರವಾಡದಾಗ ಹಿಂದೂಸ್ತಾನಿ ಕಲಸಾಕಿ. ಮೈಸೂರಿನ ಹಿರಿಯರು ಭಾಳ ಛಲೋ ಹೇಳ್ಯಾರ. ಆದ್ರ ಒಂದು ಮಾತು ನನ್ನ ಕಡಿಂದ ಇರಲಿ, ಬ್ಯಾಸರ ಮಾಡ್ಕೋಬ್ಯಾಡ.

ಸಣ್ಣ ದನಿ ಬ್ಯಾರೆ, ಅಂಜಿದ ದನಿ ಬ್ಯಾರೆ. ನಾನೂ ಆ ಹಾಡು ಈಗ ಮೂರು ಸಲ ಕೇಳಿದೆ. ಆಕಿ ಸ್ವರ ಹಚ್ಚಿದಲ್ಲಿ ನಡುಕ ಇಲ್ಲ, ಗೆರಿ ಎಳದಂಗ ನೆಟ್ಟಗ ನಿಂತದ. ಅಷ್ಟು ಮೆಲ್ಲಗ ಹಚ್ಚಿ ಅಷ್ಟು ನೆಟ್ಟಗ ನಿಲ್ಲಸೂದು ಅಂದ್ರ ಉಸಿರಿನ ಮ್ಯಾಲ ಭಾಳ ಹಿಡಿತ ಬೇಕು. ಜೋರು ಹಾಡಿದ್ರ ತಪ್ಪು ಮುಚ್ಚಿ ಹೋಗ್ತದ, ಮೆಲ್ಲಗ ಹಾಡಿದ್ರ ಒಂದು ಎಳಿ ಸರದ್ರೂ ಕಾಣಸ್ತದ. ಸಣ್ಣಾಕಿ ಇದ್ದಾಗಿಂದ ಪಿಯಾನೊ ಮುಂದ ಕುಂತು ಸ್ವರ ಕಿವಿಗೆ ಹಾಕ್ಕೊಂಡಾಕಿ ಅಂತ ಅವರೇ ಬರದಾರಲ್ಲ.

ಹಿಂಗಾಗಿ ಮುಂಜಾನೆ ಎದ್ದು ಖರ್ಜದ ಸಾಧನಾ ಬಿಡಬ್ಯಾಡ. ಮಂದ್ರದ ಸಾ ಹಿಡದು ಇಪ್ಪತ್ತು ನಿಮಿಷ. ದನಿ ದೊಡ್ಡದು ಮಾಡಾಕಲ್ಲ, ಸಣ್ಣ ದನಿ ಅಲ್ಲಾಡದಂಗ ನಿಲ್ಲಲಿ ಅಂತ. ನಿನ್ನ ಹಾಡು ನಾವು ಯಾರೂ ಕೇಳಿಲ್ಲ. ತೀರ್ಪು ಕೊಟ್ಟವರು ಕಸುವು ಅಂದದ್ದು ಗದ್ದಲಕ್ಕೋ ನಿಲುವಿಗೋ, ನೀನೇ ರೆಕಾರ್ಡ್ ಮಾಡಿ ಕೇಳಿ ನೋಡು.

ನ್ಯೂಜರ್ಸಿ_ಕನ್ನಡಿಗ:

ಈ ದನಿ ಎಲ್ಲೋ ಕೇಳಿದೀನಲ್ಲ ಅಂತ ಎರಡು ದಿನದಿಂದ ತಲೆ ಕೆರೆದುಕೊಳ್ತಿದ್ದೆ, ಇವತ್ತು ಹೊಳೀತು. ನನ್ನ ಮಗಳು ಎಂಟರ ಮಗ್ಗಿ ಕಲಿತಿದ್ದೇ ಈ ದನಿಯಲ್ಲಿ! 1970ರ ದಶಕದಲ್ಲಿ ಇಲ್ಲಿನ ಎಬಿಸಿ ಚಾನೆಲ್ಲಿನಲ್ಲಿ ಶನಿವಾರ ಬೆಳಗ್ಗೆ ಕಾರ್ಟೂನುಗಳ ನಡುವೆ ಸ್ಕೂಲ್‌ಹೌಸ್ ರಾಕ್ ಅಂತ ಪುಟ್ಟ ಪುಟ್ಟ ಹಾಡುಗಳನ್ನ ಹಾಕ್ತಿದ್ದರು. ಮಗ್ಗಿ, ವ್ಯಾಕರಣ, ಇತಿಹಾಸ ಎಲ್ಲ ಹಾಡಿನಲ್ಲಿ. ಎಂಟರ ಮಗ್ಗಿಯ "ಫಿಗರ್ ಎಯ್ಟ್" ಹಾಡಿದವರು ಬ್ಲಾಸಮ್ ಡಿಯರಿ. ಗುಣವಾಚಕಗಳನ್ನ ಹೇಳಿಕೊಡೋ "ಅನ್‌ಪ್ಯಾಕ್ ಯುವರ್ ಆಡ್ಜೆಕ್ಟಿವ್ಸ್" ಕೂಡ ಅವರದೇ.

ನನ್ನ ಆಫೀಸಿನಲ್ಲಿ ಐವತ್ತೈದು ದಾಟಿದ ಅಮೆರಿಕನ್ನರನ್ನ ಕೇಳಿದೆ. ಬ್ಲಾಸಮ್ ಡಿಯರಿ ಅಂದರೆ ಯಾರಿಗೂ ಗೊತ್ತಿಲ್ಲ. ಆ ಎಂಟರ ಹಾಡು ಹಚ್ಚಿದ ತಕ್ಷಣ ಮೂರು ಜನ ಜೊತೆಗೆ ಗುನುಗಿದರು. ಹೆಸರು ಹೋಗಿದೆ, ದನಿ ಉಳಿದಿದೆ. ಮಗಳಿಗೆ ಈ ಸರ್ರಿ ಹಾಡು ಕೇಳಿಸಿದೆ, "ಅಪ್ಪಾ, ಮಗ್ಗಿ ಆಂಟಿ!" ಅಂದಳು.

ಹಳೇಮೈಕ್_ಮೈಸೂರು:

ಧಾರವಾಡದ ತಾಯಿ ಹೇಳಿದ್ದನ್ನ ತಲೆ ಮೇಲೆ ಇಟ್ಟುಕೊಳ್ತೀನಿ. ಅಂಜಿದ ದನಿಯನ್ನ ಯಾವ ಮೈಕೂ ಎತ್ತಿ ಹಿಡಿಯಲ್ಲ. ಅಂಜಿಕೆಯನ್ನೂ ದೊಡ್ಡದು ಮಾಡಿ ತೋರಿಸುತ್ತೆ ಅಷ್ಟೆ.

ಸಾಧನೆ ಇದ್ದೂ ಮೈಕ್ ಗೊತ್ತಿಲ್ಲದೆ ಸೋತವರನ್ನ ನಾನು ನೂರಾರು ನೋಡಿದೀನಿ, ಅದಕ್ಕೆ ಇಷ್ಟು ಹೇಳ್ತೀನಿ. ಕಂಪನಿ ನಾಟಕದ ಕಾಲದಲ್ಲಿ ಮೈಕ್ ಇರಲಿಲ್ಲ, ಕೊನೇ ಬೆಂಚಿನವನಿಗೂ ಮುಟ್ಟೋ ಹಾಗೆ ಹಾಡಲೇಬೇಕಿತ್ತು. ಅಮೆರಿಕದಲ್ಲೂ ಅಷ್ಟೇ, 1925ರ ಹೊತ್ತಿಗೆ ವಿದ್ಯುತ್ ಮೈಕಿನಲ್ಲಿ ರೆಕಾರ್ಡಿಂಗ್ ಶುರುವಾಗೋವರೆಗೂ ಕಹಳೆಯ ಬಾಯಿಗೆ ಕೂಗಿ ಹಾಡ್ತಿದ್ದರು. ಮೈಕ್ ಬಂದ ಮೇಲೆಯೇ ಗುಟ್ಟು ಹೇಳೋ ಹಾಗೆ ಹಾಡೋ ಗಾಯಕರು ಹುಟ್ಟಿಕೊಂಡಿದ್ದು. ಬ್ಲಾಸಮ್ ಆ ಸಾಲಿನವರು.

ಸಣ್ಣ ದನಿಯವರು ಬಂದರೆ ನನ್ನಂಥ ಮೈಕಿನವನು ಮೊದಲು ಮಾಡೋ ತಪ್ಪು ಗೇನ್, ಅಂದರೆ ಮೈಕ್ ಸದ್ದು ಹಿಡಿಯೋ ಪ್ರಮಾಣ, ಏರಿಸೋದು. ಏರಿಸಿದಷ್ಟೂ ಪಕ್ಕದ ತಬಲಾ, ಕೀಬೋರ್ಡ್ ಎಲ್ಲ ಅದೇ ಮೈಕಿಗೆ ನುಗ್ಗುತ್ತೆ, ಇನ್ನೂ ಏರಿಸಿದರೆ ಕುಯ್ಯ್ ಅನ್ನುತ್ತೆ. ನೀನು ಹತ್ತಿರ ಹೋಗು. ನಾಲ್ಕು ಇಂಚು ಇದ್ದದ್ದು ಎರಡು ಇಂಚಾದರೆ ಸುಮಾರು 6 ಡೆಸಿಬಲ್‌ನಷ್ಟು ಸದ್ದು ಪುಕ್ಕಟೆ ಸಿಗುತ್ತೆ, ಪಕ್ಕದ ಗದ್ದಲ ಮಾತ್ರ ಏರಲ್ಲ. ಶ್ಯೂರ್ ಎಸ್‌ಎಂ 58 ಥರದ ಮೈಕ್ ಆದರೆ ಹತ್ತಿರ ಹೋದಷ್ಟೂ ದನಿಯ ತಳ ತುಂಬಿಕೊಳ್ಳುತ್ತೆ. ಆದರೆ ಬಾಯಿಗೆ ನೇರ ಹಿಡೀಬೇಡ, ಗದ್ದದ ಕಡೆಯಿಂದ ಸ್ವಲ್ಪ ಓರೆ ಮಾಡು. ನಮ್ಮ ಭಾವಗೀತೆಯಲ್ಲಿ ಭ, ಫ, ಪ ಹೆಜ್ಜೆಗೊಂದು ಬರುತ್ತೆ, ನೇರ ಹಿಡಿದರೆ ಸ್ಪೀಕರ್ ಡಬ್ ಡಬ್ ಅಂತ ಒದೆಯುತ್ತೆ.

ಸಣ್ಣದನಿ_ದಾವಣಗೆರೆ:

ಎಲ್ಲರಿಗೂ ಎಷ್ಟು ಕೃತಜ್ಞತೆ ಹೇಳಿದ್ರೂ ಸಾಲದು. ಧಾರವಾಡದ ಅಮ್ಮ ಹೇಳಿದ ಹಾಗೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಪಲ್ಲವಿ ಚೆನ್ನಾಗಿದೆ, ಗಟ್ಟಿಯಾಗೇ ನಿಂತಿದೆ. ಚರಣದಲ್ಲಿ ಮೇಲಿನ ಪಂಚಮಕ್ಕೆ ಹೋಗುವಾಗ ದನಿ ಹಿಂಜರೀತಿದೆ, ಉಸಿರು ಮೊದಲೇ ಖಾಲಿ ಆಗ್ತಿದೆ. ಅದು ನಿಜವಾಗ್ಲೂ ಕಸುವಿನದೇ ತೊಂದರೆ, ಒಪ್ಕೊಂಡೆ. ನಾಳೆಯಿಂದ ಖರ್ಜ ಶುರು.

ಲಂಡನ್ ಕ್ಲಬ್ಬಿನ ಆಲ್ಬಂ ಕೇಳಿದೆ ಸರ್. ಹಾಡು ಮುಗಿದ ಮೇಲೆ ಚಪ್ಪಾಳೆ ಬಿದ್ದಾಗಲೇ ಅಲ್ಲಿ ಅಷ್ಟು ಜನ ಇದ್ದರು ಅಂತ ಗೊತ್ತಾಗಿದ್ದು.

ಒಂದೇ ಒಂದು ಪ್ರಶ್ನೆ ಉಳೀತು. ಅವರಿಗೆ ಪಿಯಾನೊ ತಮ್ಮ ಕೈಯಲ್ಲೇ ಇತ್ತು. ನನಗೆ ಹಾಗಿಲ್ಲ. ಮುಂದಿನ ತಿಂಗಳ ಕಾರ್ಯಕ್ರಮಕ್ಕೆ ತಬಲಾ ನುಡಿಸೋರು ನಮ್ಮ ತಂದೆಗಿಂತ ಹಿರಿಯರು. ಅವರಿಗೆ "ಮೆಲ್ಲಗೆ ನುಡಿಸಿ" ಅಂತ ನಾನು ಹೇಗೆ ಹೇಳಲಿ?

ಹಳೇಮೈಕ್_ಮೈಸೂರು:

ಹೇಳಲೇಬೇಡ. ರಿಹರ್ಸಲ್ ದಿನ ಮೈಕ್ ಹಾಕಿಸಬೇಡ. ಅವರ ಎದುರು ಮೂರಡಿ ದೂರದಲ್ಲಿ ಕೂತು, ಕಣ್ಣು ನೋಡಿಕೊಂಡು, ನಿನ್ನ ದನಿ ಎಷ್ಟಿದೆಯೋ ಅಷ್ಟರಲ್ಲೇ ಹಾಡು. ಒಂಚೂರೂ ಏರಿಸಬೇಡ. ಹಳೇ ಕೈ ಅಲ್ಲವಾ, ಸಾಹಿತ್ಯ ಕೇಳಿಸ್ತಿಲ್ಲ ಅಂತ ಎರಡನೇ ಆವರ್ತಕ್ಕೇ ಎಡಗೈ ತಾನಾಗಿ ಇಳಿಯುತ್ತೆ. ಇಳಿದಾಗ ಒಂದು ಸಲ ತಲೆದೂಗು, ಅವರಿಗೆ ಅರ್ಥ ಆಗುತ್ತೆ. ಕಾರ್ಯಕ್ರಮದ ದಿನ ಆ ಕೈಯನ್ನೇ ಅವರು ನೆನಪಿಟ್ಟುಕೊಂಡು ಬಂದಿರ್ತಾರೆ.

ತಾರೀಖು, ಜಾಗ ತಿಳಿಸು. ದಾವಣಗೆರೆಗೆ ಬೆಳಗಿನ ಬಸ್ಸು ಹಿಡಿದು ಬರ್ತೀನಿ, ಮೈಕ್ ಸ್ಟ್ಯಾಂಡು ನಂದೇ ತರ್ತೀನಿ.